ಹಳ್ಳಿ ಗೆದ್ದ ಲೀಗಿನಲ್ಲಿ ಹೊಸ ಋತು

ಮಾರ್ಚ್ ಬಂತೆಂದರೆ ಸ್ವೀಡನ್ನಿನ ಫುಟ್‌ಬಾಲ್ ಕ್ಲಬ್ಬುಗಳಿಗೆ ವಾರ್ಷಿಕ ಮಹಾಸಭೆಯ ಕಾಲ. ಮೈದಾನದ ಅಂಚಿನಲ್ಲಿ ಹಿಮ ಇನ್ನೂ ಪೂರ್ತಿ ಕರಗಿರುವುದಿಲ್ಲ. ಸಭಾಂಗಣದೊಳಗೆ ಸದಸ್ಯರು ಸೇರಿ ಹಿಂದಿನ ವರ್ಷದ ಲೆಕ್ಕಪತ್ರ ಕೇಳುತ್ತಾರೆ, ಆಡಳಿತ ಮಂಡಳಿಯನ್ನು ಆರಿಸುತ್ತಾರೆ, ಯಾರೋ ಮಂಡಿಸಿದ ಗೊತ್ತುವಳಿಗೆ ಕೈಯೆತ್ತಿ ಒಪ್ಪಿಗೆಯನ್ನೋ ವಿರೋಧವನ್ನೋ ಸೂಚಿಸುತ್ತಾರೆ. ನಮ್ಮ ಹಳ್ಳಿಗಳ ಹಾಲು ಉತ್ಪಾದಕರ ಸಹಕಾರ ಸಂಘದ ಸಭೆ ನೋಡಿದವರಿಗೆ ಈ ಏರ್ಪಾಡು ತಟ್ಟನೆ ಅರ್ಥವಾದೀತು. ಒಂದೇ ಎಮ್ಮೆ ಕಟ್ಟಿದವನಿಗೂ ಒಂದು ಓಟು, ಹತ್ತು ಹಸು ಸಾಕಿದವನಿಗೂ ಒಂದೇ ಓಟು. ಸ್ವೀಡನ್ನಿನ ಅತ್ಯುನ್ನತ ಫುಟ್‌ಬಾಲ್ ಲೀಗ್ ಆಲ್‌ಸ್ವೆನ್‌ಸ್ಕಾನ್‌ನ 2026ರ ಋತು ಏಪ್ರಿಲ್‌ನಲ್ಲಿ ಆರಂಭವಾಗುತ್ತಿದೆ. ಅದನ್ನು ಅರ್ಥಮಾಡಿಕೊಳ್ಳಬೇಕಾದರೆ ಮೊದಲು ಈ ಸಭೆಗಳನ್ನು ಅರ್ಥಮಾಡಿಕೊಳ್ಳಬೇಕು ಎಂಬುದು ನನ್ನ ನಂಬಿಕೆ. ಆ ಲೀಗಿನ ಶಕ್ತಿ, ಬಡತನ, ಸದ್ದು, ಹಟ ಎಲ್ಲಕ್ಕೂ ಬೇರು ಅಲ್ಲಿದೆ.

ಈ ಸಲ ಇಷ್ಟು ಆಸಕ್ತಿಯಿಂದ ಬರೆಯುವುದಕ್ಕೆ ಕಾರಣ ಮ್ಯೆಲ್‌ಬಿ ಎಂಬ ಕ್ಲಬ್. 2025ರ ಅಕ್ಟೋಬರ್ 20ರಂದು ಅದು ಗೋಥೆನ್‌ಬರ್ಗಿಗೆ ಹೋಗಿ ಐಎಫ್‌ಕೆ ಗೋಥೆನ್‌ಬರ್ಗ್ ತಂಡವನ್ನು 2-0ರಿಂದ ಸೋಲಿಸಿ, ಇನ್ನೂ ಮೂರು ಸುತ್ತು ಬಾಕಿ ಇರುವಾಗಲೇ ಸ್ವೀಡನ್ನಿನ ಚಾಂಪಿಯನ್ ಆಯಿತು. ಅದು ಈ ಕ್ಲಬ್ಬಿನ ಮೊತ್ತಮೊದಲ ಪಟ್ಟ. ಋತು ಮುಗಿದಾಗ ಅದರ ಖಾತೆಯಲ್ಲಿ 75 ಅಂಕಗಳಿದ್ದವು. 16 ತಂಡಗಳ ಆಲ್‌ಸ್ವೆನ್‌ಸ್ಕಾನ್‌ನಲ್ಲಿ ಅಷ್ಟು ಅಂಕ ಯಾರೂ ಗಳಿಸಿರಲಿಲ್ಲ. 30 ಪಂದ್ಯಗಳಲ್ಲಿ ಸೋತದ್ದು ಒಂದರಲ್ಲಿ ಮಾತ್ರ.

ಮ್ಯೆಲ್‌ಬಿ ಆಡುವ ಜಾಗವನ್ನು ಭೂಪಟದಲ್ಲಿ ಹುಡುಕಿದರೆ ಈ ಸಾಧನೆಯ ಗಾತ್ರ ಗೊತ್ತಾಗುತ್ತದೆ. ಸ್ವೀಡನ್ನಿನ ದಕ್ಷಿಣ ತುದಿಯಲ್ಲಿ ಬ್ಲೇಕಿಂಗೆ ಎಂಬ ಪ್ರಾಂತ. ಅಲ್ಲಿ ಬಾಲ್ಟಿಕ್ ಸಮುದ್ರದೊಳಕ್ಕೆ ಚಾಚಿಕೊಂಡ ಲಿಸ್ಟರ್ ಎಂಬ ಪುಟ್ಟ ಪರ್ಯಾಯ ದ್ವೀಪ. ಅದರ ಅಂಚಿನಲ್ಲಿ ಹೆಲ್ಲೆವಿಕ್ ಎಂಬ ಮೀನುಗಾರರ ಹಳ್ಳಿ. ಹಳ್ಳಿಯ ಜನಸಂಖ್ಯೆ ಸಾವಿರವೂ ಇಲ್ಲ. ಸ್ಟ್ರಾಂಡ್‌ವಾಲೆನ್ ಎಂಬ ಕ್ರೀಡಾಂಗಣ ಸಮುದ್ರಕ್ಕೆ ಎಷ್ಟು ಹತ್ತಿರ ಇದೆಯೆಂದರೆ ಗಾಳಿ ಜೋರಾದ ದಿನ ಉಪ್ಪಿನ ವಾಸನೆ ಗ್ಯಾಲರಿಗೂ ಬರುತ್ತದೆ. ಅಲ್ಲಿ ಹಿಡಿಯುವುದು ಆರೇಳು ಸಾವಿರ ಪ್ರೇಕ್ಷಕರು. ಅಂದರೆ ಪಂದ್ಯವಿದ್ದ ದಿನ ಆ ಹಳ್ಳಿಯ ಹಲವು ಪಟ್ಟು ಜನ ಒಂದು ಮೈದಾನದಲ್ಲಿ ಸೇರುತ್ತಾರೆ.

ಈ ಕ್ಲಬ್ ಹುಟ್ಟಿದ್ದು 1939ರ ಏಪ್ರಿಲ್ 1ರಂದು, ಸುತ್ತಲಿನ ಎರಡು ಸಣ್ಣ ಸಂಘಗಳು ಒಂದಾದಾಗ. ಮೊದಲ ಬಾರಿಗೆ ಅತ್ಯುನ್ನತ ದರ್ಜೆ ಕಂಡದ್ದು 1980ರಲ್ಲಿ. ಅಲ್ಲಿಂದಾಚೆಗೆ ಏರುವುದು ಇಳಿಯುವುದು ನಡೆದೇ ಇತ್ತು. 2014ರಲ್ಲಿ ಕೆಳಗಿಳಿದ ಮೇಲೆ ಪರಿಸ್ಥಿತಿ ಹದಗೆಟ್ಟು ಮೂರನೇ ದರ್ಜೆಗೆ ಜಾರಿತು, 2016ರಲ್ಲಿ ನಾಲ್ಕನೇ ದರ್ಜೆಯ ಬಾಗಿಲವರೆಗೂ ಹೋಗಿ ಬಂತು. ಆಗ ಕ್ಲಬ್ಬಿನ ಕೈಯಲ್ಲಿ ಹಣವೂ ಇರಲಿಲ್ಲ. ಅಧ್ಯಕ್ಷರಾಗಿ ಬಂದ ಉದ್ಯಮಿ ಮಾಗ್ನುಸ್ ಎಮೇಉಸ್ ಮತ್ತು ಆಟಗಾರನಾಗಿದ್ದ ಕಾಲದಿಂದಲೂ ಕ್ಲಬ್ಬಿಗೆ ಅಂಟಿಕೊಂಡೇ ಬಂದ ಕ್ರೀಡಾ ನಿರ್ದೇಶಕ ಹಾಸೆ ಲಾರ್ಸನ್ ಅವರು ಖರ್ಚನ್ನು ಬಿಗಿಹಿಡಿದು, ದೊಡ್ಡ ಕ್ಲಬ್ಬುಗಳು ಕಡೆಗಣಿಸಿದ ಆಟಗಾರರನ್ನು ಹುಡುಕಿ ತಂಡ ಕಟ್ಟಿದರು. 2020ರಲ್ಲಿ ಮ್ಯೆಲ್‌ಬಿ ಮತ್ತೆ ಮೇಲೆ ಬಂತು. ಆಮೇಲೆ ಇಳಿಯಲೇ ಇಲ್ಲ.

ಪಟ್ಟ ಗೆಲ್ಲಿಸಿದ ಮುಖ್ಯ ಕೋಚ್ ಆಂಡರ್ಸ್ ಟೋರ್ಸ್ಟೆನ್ಸನ್ ಒಂದು ಕಾಲಕ್ಕೆ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದವರು, ಅದೇ ಸೀಮೆಯವರು. ಅವರ ಜೊತೆಗಿದ್ದ ಸಹಾಯಕ ಕೋಚ್ ಕಾರ್ಲ್ ಮಾರಿಯುಸ್ ಅಕ್ಸುಮ್ ನಾರ್ವೆಯವರು. ಫುಟ್‌ಬಾಲ್ ಆಟಗಾರ ಮೈದಾನವನ್ನು ಕಣ್ಣಿನಿಂದ ಹೇಗೆ ಗ್ರಹಿಸುತ್ತಾನೆ ಎಂಬ ವಿಷಯದ ಮೇಲೆಯೇ ಡಾಕ್ಟರೇಟ್ ಪಡೆದವರು. ಇವರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೆಂಡು ಕಾಲಿಗೆ ಬರುವ ಮುಂಚಿನ ಎರಡು ಮೂರು ಸೆಕೆಂಡುಗಳಲ್ಲಿ ಒಳ್ಳೆಯ ಆಟಗಾರ ಚೆಂಡಿನ ಮೇಲಿಂದ ಕಣ್ಣು ತೆಗೆದು ಭುಜದ ಮೇಲಿಂದ ಹಿಂದೆ ನೋಡುತ್ತಾನೆ. ಎದುರಾಳಿ ಎಲ್ಲಿದ್ದಾನೆ, ತನ್ನವನು ಎಲ್ಲಿ ಓಡುತ್ತಿದ್ದಾನೆ, ಖಾಲಿ ಜಾಗ ಯಾವ ಕಡೆಗಿದೆ ಎಂದು ಮನಸ್ಸಿನಲ್ಲಿ ಚಿತ್ರ ತೆಗೆದುಕೊಳ್ಳುತ್ತಾನೆ. ಚೆಂಡು ಬಂದ ಮೇಲೆ ನೋಡುವವನು ಆಗಲೇ ತಡಮಾಡಿರುತ್ತಾನೆ. ಈ ಅಭ್ಯಾಸವನ್ನು ಕಲಿಸಬಹುದು. ಅದಕ್ಕೆ ಕೋಟಿಗಟ್ಟಲೆ ಹಣ ಬೇಡ, ಕಾಲ ಮತ್ತು ತಾಳ್ಮೆ ಬೇಕು. ಹಣವಿಲ್ಲದ ಕ್ಲಬ್ಬಿಗೆ ಹೊಂದುವ ವಿದ್ಯೆ ಅದು. ಕಳೆದ ವರ್ಷದ ಮ್ಯೆಲ್‌ಬಿ ಪಂದ್ಯಗಳನ್ನು ಮತ್ತೆ ನೋಡುವ ಅವಕಾಶ ಸಿಕ್ಕವರು ಚೆಂಡನ್ನು ಬಿಟ್ಟು ಆ ಆಟಗಾರರ ಕುತ್ತಿಗೆಯನ್ನು ಗಮನಿಸಲಿ. ಬೇರೆಯದೇ ಆಟ ಕಾಣುತ್ತದೆ. ಆ ತಂಡದ ರಕ್ಷಣಾ ಆಟಗಾರರಲ್ಲಿ ಒಬ್ಬ ಅಬ್ದುಲ್ಲಾ ಇಕ್ಬಾಲ್, ಪಾಕಿಸ್ತಾನದ ರಾಷ್ಟ್ರೀಯ ತಂಡಕ್ಕೆ ಆಡುವವನು. ನಮ್ಮ ಉಪಖಂಡದ ಬೇರಿನ ಹುಡುಗನೊಬ್ಬ ಯುರೋಪಿನ ರಾಷ್ಟ್ರವೊಂದರ ಚಾಂಪಿಯನ್ ತಂಡದಲ್ಲಿದ್ದ ಸಂಗತಿ ನಮ್ಮ ಪತ್ರಿಕೆಗಳಲ್ಲಿ ಇನ್ನಷ್ಟು ಜಾಗ ಪಡೆಯಬೇಕಿತ್ತು.

ಈಗ ಆ ಸಭೆಗಳ ವಿಷಯಕ್ಕೆ ಬರೋಣ. ಸ್ವೀಡನ್ನಿನ ಕ್ರೀಡಾ ಒಕ್ಕೂಟ 1999ರವರೆಗೆ ಕ್ಲಬ್ಬುಗಳು ಕಂಪನಿಯಾಗುವುದನ್ನೇ ಒಪ್ಪಿರಲಿಲ್ಲ. ಕ್ಲಬ್ ಅಂದರೆ ಸದಸ್ಯರ ಸಂಘ, ಅಷ್ಟೇ. ಆ ವರ್ಷ ಒಂದು ಬಾಗಿಲು ತೆರೆಯಿತು. ಕ್ಲಬ್ ತನ್ನ ತಂಡವನ್ನು ನಡೆಸಲು ಕಂಪನಿ ಮಾಡಬಹುದು, ಹೊರಗಿನ ಬಂಡವಾಳವನ್ನೂ ತರಬಹುದು, ಆದರೆ ಮತಾಧಿಕಾರದ ಬಹುಪಾಲು ಸದಸ್ಯರ ಸಂಘದ ಕೈಯಲ್ಲೇ ಇರಬೇಕು. ಇದನ್ನೇ ಅಲ್ಲಿ 51 ಪರ್ಸೆಂಟ್ ನಿಯಮ ಎನ್ನುತ್ತಾರೆ. 2013ರಲ್ಲಿ ಈ ನಿಯಮವನ್ನು ಸಡಿಲಿಸುವ ಪ್ರಸ್ತಾಪ ಒಕ್ಕೂಟದ ಮಹಾಸಭೆಗೆ ಬಂದಿತ್ತು. ಅದಕ್ಕೆ ಮುಂಚೆ ದೇಶದ ಉದ್ದಗಲಕ್ಕೂ ಬೆಂಬಲಿಗರು ತಮ್ಮ ತಮ್ಮ ಕ್ಲಬ್ಬಿನ ಸಭೆಗಳಲ್ಲಿ ಅದನ್ನು ವಿರೋಧಿಸಿದ್ದರು. ಪ್ರಸ್ತಾಪ ಬಿದ್ದುಹೋಯಿತು.

ಇಂಗ್ಲೆಂಡಿನಲ್ಲಿ ಅರಬ್ ರಾಷ್ಟ್ರಗಳ ನಿಧಿಗಳು, ಅಮೆರಿಕದ ಹೂಡಿಕೆದಾರರು ಕ್ಲಬ್ಬುಗಳನ್ನು ಪೂರ್ತಿಯಾಗಿ ಕೊಂಡುಕೊಳ್ಳುತ್ತಿರುವಾಗ ಸ್ವೀಡನ್ನಿನಲ್ಲಿ ಅದು ಆಗದ ಮಾತು. ಇದಕ್ಕೆ ಝ್ಲಾಟಾನ್ ಇಬ್ರಾಹಿಮೊವಿಚ್ ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಮಾಲ್ಮೋ ನಗರದ ವಲಸಿಗರ ಬಡಾವಣೆಯಲ್ಲಿ ಬೆಳೆದ ಝ್ಲಾಟಾನ್, ಮಾಲ್ಮೋ ಎಫ್‌ಎಫ್ ಕ್ಲಬ್ಬಿನಿಂದ 2001ರಲ್ಲಿ ಅಯಾಕ್ಸ್‌ಗೆ ಹೋದವನು. 2019ರ ಅಕ್ಟೋಬರ್‌ನಲ್ಲಿ ಮಾಲ್ಮೋದ ಕ್ರೀಡಾಂಗಣದ ಎದುರು ಅವನ ಕಂಚಿನ ಪ್ರತಿಮೆ ನಿಂತಿತು. ಮರುತಿಂಗಳೇ ಅವನು ಸ್ಟಾಕ್‌ಹೋಮ್‌ನ ಹಮ್ಮಾರ್ಬಿ ಕ್ಲಬ್ಬಿನ ಕಂಪನಿಯಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಕೊಂಡ ಸುದ್ದಿ ಬಂತು. ಮಾಲ್ಮೋದ ಅಭಿಮಾನಿಗಳ ಸಿಟ್ಟು ಪ್ರತಿಮೆಯ ಮೇಲೆ ತಿರುಗಿತು. ಮೂಗು ಕತ್ತರಿಸಿದರು, ಕಾಲು ಗರಗಸದಿಂದ ಕೊಯ್ದರು, 2020ರ ಜನವರಿಯಲ್ಲಿ ಪ್ರತಿಮೆ ನೆಲಕ್ಕುರುಳಿತು. ಆ ಹಿಂಸೆಯನ್ನು ನಾನು ಒಪ್ಪಲಾರೆ. ಆದರೆ ಅದೇ ಪ್ರಸಂಗದ ಇನ್ನೊಂದು ಮಗ್ಗುಲನ್ನು ಜನ ಮರೆಯುತ್ತಾರೆ. ಸ್ವೀಡನ್ ಕಂಡ ಅತಿ ದೊಡ್ಡ ತಾರೆ ತನ್ನ ಹಣ ಹಾಕಿಯೂ ಹಮ್ಮಾರ್ಬಿಯ ಒಡೆಯನಾಗಲಿಲ್ಲ. ಕೆಲವು ನೂರು ಕ್ರೋನರ್ ಕೊಟ್ಟು ಸದಸ್ಯರಾದ ಸಾವಿರಾರು ಜನರೇ ಇವತ್ತಿಗೂ ಅದರ ಒಡೆಯರು.

ವಿಎಆರ್ ವಿಷಯದಲ್ಲಿ ನಡೆದದ್ದೂ ಇದೇ. ರೆಫರಿಯ ತೀರ್ಪನ್ನು ವಿಡಿಯೊ ನೋಡಿ ತಿದ್ದುವ ಈ ವ್ಯವಸ್ಥೆ ಯುರೋಪಿನ ಹೆಚ್ಚುಕಡಿಮೆ ಎಲ್ಲ ದೊಡ್ಡ ಲೀಗುಗಳಲ್ಲಿದೆ. ಸ್ವೀಡನ್ನಿನ ಫುಟ್‌ಬಾಲ್ ಸಂಸ್ಥೆಗೂ ಅದನ್ನು ತರುವ ಆಸೆಯಿತ್ತು. ಆದರೆ ಬೆಂಬಲಿಗರು ಗೋಲಿನ ಕ್ಷಣದ ಸಂಭ್ರಮವನ್ನು ಯಂತ್ರದ ಒಪ್ಪಿಗೆಗೆ ಕಾಯಿಸಲು ಸಿದ್ಧರಿರಲಿಲ್ಲ. ಅವರು ಬೀದಿಗಿಳಿಯುವ ಬದಲು ವಾರ್ಷಿಕ ಸಭೆಗೆ ಹೋದರು. ಒಂದಾದ ಮೇಲೊಂದು ಕ್ಲಬ್ಬಿನ ಸದಸ್ಯರು, ನಮ್ಮ ಪ್ರತಿನಿಧಿ ವಿಎಆರ್ ವಿರುದ್ಧವೇ ಮತ ಹಾಕಬೇಕು ಎಂದು ಗೊತ್ತುವಳಿ ಮಾಡಿದರು. ಮೊದಲೆರಡು ದರ್ಜೆಗಳ 32 ಕ್ಲಬ್ಬುಗಳಲ್ಲಿ ಬಹುಮತ ವಿರೋಧದ ಕಡೆ ನಿಂತಿತು. 2024ರ ವಸಂತದಲ್ಲಿ ಸಂಸ್ಥೆ ಪ್ರಸ್ತಾಪವನ್ನು ಕೈಬಿಟ್ಟಿತು. ಆಗ ಸಂಸ್ಥೆಯ ಅಧ್ಯಕ್ಷರಾಗಿದ್ದವರು ದೇಶದ ಮಾಜಿ ಪ್ರಧಾನಿ ಫ್ರೆಡ್ರಿಕ್ ರೈನ್‌ಫೆಲ್ಟ್. ಎಂಟು ವರ್ಷ ದೇಶ ಆಳಿದವರಿಗೂ ಕ್ಲಬ್ಬಿನ ಸಾಮಾನ್ಯ ಸದಸ್ಯನ ಕೈಯನ್ನು ಕೆಳಗಿಳಿಸಲು ಆಗಲಿಲ್ಲ. ತಪ್ಪು ತೀರ್ಪುಗಳು ಈ ಋತುವಿನಲ್ಲೂ ಆಗುತ್ತವೆ, ಯಾರಿಗೋ ಅನ್ಯಾಯವೂ ಆಗುತ್ತದೆ. ಅದನ್ನು ತಿಳಿದೇ ಅವರು ಈ ದಾರಿ ಆರಿಸಿಕೊಂಡಿದ್ದಾರೆ. ನನ್ನ ಮಟ್ಟಿಗೆ ಆ ಆಯ್ಕೆ ಸರಿಯಾದದ್ದು.

ಸದಸ್ಯರ ಒಡೆತನದ ಫಲ ಗ್ಯಾಲರಿಯಲ್ಲಿ ಕಾಣುತ್ತದೆ. ಲೀಗಿನ ಸರಾಸರಿ ಪ್ರೇಕ್ಷಕರ ಸಂಖ್ಯೆ ಈಚಿನ ವರ್ಷಗಳಲ್ಲಿ ಹನ್ನೊಂದು ಸಾವಿರ ದಾಟಿದೆ. ಸುಮಾರು ಒಂದು ಕೋಟಿ ಜನರ ದೇಶಕ್ಕೆ ಅದು ದೊಡ್ಡ ಸಂಖ್ಯೆ. ಗೋಲಿನ ಹಿಂದಿನ ಗ್ಯಾಲರಿಗಳಲ್ಲಿ ಜನ ನಿಂತೇ ನೋಡುತ್ತಾರೆ, ತೊಂಬತ್ತು ನಿಮಿಷವೂ ಹಾಡುತ್ತಾರೆ, ವಾರಗಟ್ಟಲೆ ಕೂತು ಬಣ್ಣ ಬಳಿದ ಬಟ್ಟೆಯ ಬೃಹತ್ ಚಿತ್ರಗಳನ್ನು ಪಂದ್ಯದ ಮೊದಲು ಎತ್ತಿಹಿಡಿಯುತ್ತಾರೆ. ಇದರ ಕರಾಳ ಮುಖವನ್ನು ಮುಚ್ಚಿಟ್ಟು ಬರೆದರೆ ಅದು ಅಪ್ರಾಮಾಣಿಕತೆ. 2014ರ ಋತುವಿನ ಮೊದಲ ದಿನವೇ ಹೆಲ್ಸಿಂಗ್‌ಬೋರ್ಗ್‌ನಲ್ಲಿ ಯೂರ್ಗೋರ್ಡನ್ ತಂಡದ ಬೆಂಬಲಿಗನೊಬ್ಬ ಹಲ್ಲೆಗೆ ಸಿಕ್ಕಿ ಸತ್ತ. ಪಂದ್ಯ ಅರ್ಧಕ್ಕೆ ನಿಂತಿತು. ಪಂಜು ಹೊತ್ತಿಸುವ ಚಟಕ್ಕೆ ಕ್ಲಬ್ಬುಗಳು ಪ್ರತಿ ವರ್ಷ ದಂಡ ತೆರುತ್ತವೆ. ಹೊಗೆಯಿಂದಾಗಿ ಪಂದ್ಯ ನಿಲ್ಲುವುದು ಅಪರೂಪವಲ್ಲ. ಪೊಲೀಸರಿಗೂ ಬೆಂಬಲಿಗರ ಸಂಘಗಳಿಗೂ ನಡುವಿನ ಜಗ್ಗಾಟ ಈ ವರ್ಷವೂ ಮುಂದುವರಿಯುತ್ತದೆ.

ಋತುವಿನ ರಚನೆ ಸರಳವಾಗಿದೆ. 16 ತಂಡಗಳು ಒಂದೊಂದೂ ಇನ್ನೊಂದರ ಜೊತೆ ತವರಿನಲ್ಲಿ ಒಮ್ಮೆ, ಹೊರಗೆ ಒಮ್ಮೆ ಆಡುತ್ತವೆ. ಒಟ್ಟು 240 ಪಂದ್ಯ. ಕೊನೆಯ ಎರಡು ತಂಡಗಳು ನೇರವಾಗಿ ಕೆಳಗಿನ ಸೂಪರ್‌ಎಟ್ಟಾನ್ ಲೀಗಿಗೆ ಇಳಿಯುತ್ತವೆ. 14ನೇ ಸ್ಥಾನದ ತಂಡ ಸೂಪರ್‌ಎಟ್ಟಾನ್‌ನ ಮೂರನೆಯ ತಂಡದೊಂದಿಗೆ ಎರಡು ಪಂದ್ಯ ಆಡಿ ತನ್ನ ಜಾಗ ಉಳಿಸಿಕೊಳ್ಳಬೇಕು. 1924ರಲ್ಲಿ ಲೀಗ್ ಶುರುವಾದಾಗ ಯುರೋಪಿನ ಬೇರೆ ಕಡೆಯಂತೆ ಇದೂ ಶರತ್ಕಾಲದಿಂದ ಮುಂದಿನ ಬೇಸಿಗೆಯವರೆಗೆ ನಡೆಯುತ್ತಿತ್ತು. ಮಧ್ಯೆ ಚಳಿಗಾಲಕ್ಕೆ ಉದ್ದದ ರಜೆ. 1957ರಲ್ಲಿ ಶುರುವಾದ ಋತುವನ್ನು 1958ರ ಶರತ್ಕಾಲದವರೆಗೆ ಎಳೆದು, 1959ರಿಂದ ಒಂದೇ ಕ್ಯಾಲೆಂಡರ್ ವರ್ಷದೊಳಗೆ ಲೀಗ್ ಮುಗಿಸುವ ಪದ್ಧತಿ ತಂದರು. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ನೆಲ ಹೆಪ್ಪುಗಟ್ಟಿರುವ ದೇಶಕ್ಕೆ ಅದೇ ಸಹಜ. ಹಲವು ಕ್ಲಬ್ಬುಗಳು ಹುಲ್ಲನ್ನೇ ಬಿಟ್ಟು ಕೃತಕ ಹಾಸಿನ ಮೇಲೆ ಆಡುತ್ತವೆ.

ಆದರೆ ಈ ಕ್ಯಾಲೆಂಡರಿಗೆ ಒಂದು ಬೆಲೆಯಿದೆ, ಈ ಋತುವನ್ನು ಹಿಂಬಾಲಿಸುವವರು ಅದನ್ನು ತಿಳಿದಿರಬೇಕು. ಯುರೋಪಿನ ದೊಡ್ಡ ಲೀಗುಗಳ ಆಟಗಾರರ ಸಂತೆ ನೆರೆಯುವುದು ಜುಲೈ ಮತ್ತು ಆಗಸ್ಟ್‌ನಲ್ಲಿ. ಆಗ ಸ್ವೀಡನ್ನಿನಲ್ಲಿ ಋತು ಅರ್ಧ ಮುಗಿದಿರುತ್ತದೆ. ಏಪ್ರಿಲ್‌ನಿಂದ ಜುಲೈವರೆಗೆ ಮಿಂಚಿದ ಇಪ್ಪತ್ತರ ಹರೆಯದ ಹುಡುಗ, ಅವನ ತಂಡ ಪಟ್ಟಕ್ಕೆ ಹೋರಾಡುತ್ತಿರುವಾಗಲೇ ಇಟಲಿಗೋ ಇಂಗ್ಲೆಂಡಿಗೋ ವಿಮಾನ ಹತ್ತುತ್ತಾನೆ. ಕಳೆದ ಬೇಸಿಗೆಯಲ್ಲಿ ಮ್ಯೆಲ್‌ಬಿಯ ಗೋಲಿ ನೊಯೆಲ್ ಟೋರ್ನ್‌ಕ್ವಿಸ್ಟ್‌ನನ್ನು ಇಟಲಿಯ ಕೋಮೊ ಕೊಂಡುಕೊಂಡಿತು. ಆದರೆ ಋತು ಮುಗಿಯುವವರೆಗೆ ಅವನನ್ನು ಎರವಲಾಗಿ ಹಳ್ಳಿಗೇ ಬಿಟ್ಟಿತು. ಆ ಒಂದು ಷರತ್ತು ಇಲ್ಲದಿದ್ದರೆ ಪಟ್ಟದ ಕಥೆ ಬೇರೆಯಾಗುತ್ತಿತ್ತೋ ಏನೋ. ಈ ವರ್ಷ ಹಾಗೆ ಎಲ್ಲವೂ ಕೂಡಿಬರುತ್ತದೆ ಎನ್ನಲಾಗದು. ಜೂನ್ 11ರಿಂದ ಜುಲೈ 19ರವರೆಗೆ ಉತ್ತರ ಅಮೆರಿಕದಲ್ಲಿ ವಿಶ್ವಕಪ್ ಬೇರೆ ಇದೆ. ಅದು ಮುಗಿದ ಕೂಡಲೇ ಸಂತೆ ಬಿಸಿಯೇರುತ್ತದೆ. ಚಾಂಪಿಯನ್ ಆದದ್ದರಿಂದ ಮ್ಯೆಲ್‌ಬಿಗೆ ಅದೇ ಬೇಸಿಗೆಯಲ್ಲಿ ಚಾಂಪಿಯನ್ಸ್ ಲೀಗಿನ ಅರ್ಹತಾ ಪಂದ್ಯಗಳೂ ಎದುರಿವೆ. ವಾರದ ನಡುವೆ ವಿಮಾನದಲ್ಲಿ ಇನ್ನೊಂದು ದೇಶ, ವಾರಾಂತ್ಯಕ್ಕೆ ಮರಳಿ ಲೀಗು. ಸಣ್ಣ ಪಡೆಯ ತಂಡಕ್ಕೆ ಅದು ಕಾಲು ಮುರಿಯುವ ಓಟ.

ಆಟಗಾರರನ್ನು ಮಾರುವುದೇ ಈ ಕ್ಲಬ್ಬುಗಳ ಜೀವನೋಪಾಯ. ದೊರೆಗಳ ದುಡ್ಡು ಬರುವುದಿಲ್ಲ, ಟಿವಿ ಹಕ್ಕಿನ ಹಣ ಇಂಗ್ಲೆಂಡಿನ ಮುಂದೆ ಚಿಲ್ಲರೆ. ಹಾಗಾಗಿ ಮಕ್ಕಳನ್ನು ಬೆಳೆಸಿ ಕಳಿಸಬೇಕು. ಸ್ಟಾಕ್‌ಹೋಮ್‌ನ ಪಶ್ಚಿಮ ಅಂಚಿನ ಬ್ರೊಮ್ಮಪಾಯ್ಕರ್ನಾ ಕ್ಲಬ್ ಇದರಲ್ಲಿ ಪಳಗಿದ್ದು. ಸಾವಿರಾರು ಮಕ್ಕಳು ಅಲ್ಲಿ ಆಡುತ್ತಾರೆ. ಹಿರಿಯರ ಪಂದ್ಯಕ್ಕೆ ಬರುವ ಪ್ರೇಕ್ಷಕರಿಗಿಂತ ಕ್ಲಬ್ಬಿನ ಮಕ್ಕಳ ಸಂಖ್ಯೆಯೇ ಹೆಚ್ಚಿರುವ ದಿನಗಳಿವೆ. ಆರ್ಸೆನಲ್‌ನ ವಿಕ್ಟರ್ ಯೋಕೆರೆಸ್, ಟೋಟೆನ್‌ಹ್ಯಾಮ್‌ನ ಲುಕಾಸ್ ಬೆರ್ಗ್‌ವಾಲ್ ಇಬ್ಬರೂ ಆ ಅಂಗಳದಲ್ಲಿ ಆಡಿ ಬೆಳೆದವರು. ಅಲೆಕ್ಸಾಂಡರ್ ಇಸಾಕ್ ಎಐಕೆಯಲ್ಲಿ ಬೆಳೆದು 17ನೇ ವಯಸ್ಸಿಗೆ ಜರ್ಮನಿಗೆ ಹೋದ, 2025ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್ ಅವನಿಗೆ ಬ್ರಿಟನ್ನಿನ ದಾಖಲೆಯ ಬೆಲೆ ಕೊಟ್ಟಿತು. ಫಿಫಾ ನಿಯಮದಂತೆ ಇಂಥ ವರ್ಗಾವಣೆಯ ಮೊತ್ತದಲ್ಲಿ ಶೇ 5ರಷ್ಟನ್ನು, ಆಟಗಾರನನ್ನು 12ರಿಂದ 23 ವಯಸ್ಸಿನವರೆಗೆ ತರಬೇತುಗೊಳಿಸಿದ ಕ್ಲಬ್ಬುಗಳಿಗೆ ಹಂಚಬೇಕು. ಬ್ರೊಮ್ಮದಂಥ ಕ್ಲಬ್ಬುಗಳು ಎಂದೋ ಬಿತ್ತಿದ ಹುಡುಗರಿಂದ ವರ್ಷಗಳ ನಂತರವೂ ಹೀಗೆ ಫಸಲು ಬರುತ್ತಿರುತ್ತದೆ.

ಇನ್ನು ಈ ಬಾರಿಯ ತಂಡಗಳು. ಹದಿನಾರರಲ್ಲಿ ಎಂಟು ತಂಡಗಳು ಎರಡೇ ನಗರದವು. ಸ್ಟಾಕ್‌ಹೋಮ್‌ನಿಂದ ಎಐಕೆ, ಯೂರ್ಗೋರ್ಡನ್, ಹಮ್ಮಾರ್ಬಿ, ಬ್ರೊಮ್ಮಪಾಯ್ಕರ್ನಾ. ಗೋಥೆನ್‌ಬರ್ಗಿನಿಂದ ಐಎಫ್‌ಕೆ, ಗಾಯಿಸ್, ಹೆಕೆನ್, ಮತ್ತು ಈಗ ಓರ್ಗ್ರೂಟೆ. ಓರ್ಗ್ರೂಟೆ ಮರಳಿ ಬಂದದ್ದು ನನಗೆ ಈ ಋತುವಿನ ಅತ್ಯಂತ ಸಂತೋಷದ ಸುದ್ದಿ. 1892ರಲ್ಲಿ ಸ್ವೀಡನ್ನಿನ ನೆಲದ ಮೇಲೆ ನಿಯಮಬದ್ಧವಾಗಿ ನಡೆದ ಮೊದಲ ಫುಟ್‌ಬಾಲ್ ಪಂದ್ಯ ಆಡಿ ಗೆದ್ದ ಕ್ಲಬ್ ಅದು. 1896ರ ಮೊದಲ ರಾಷ್ಟ್ರೀಯ ಚಾಂಪಿಯನ್ ಕೂಡ ಅದೇ. ಕೊನೆಯ ಪಟ್ಟ 1985ರದು. 2009ರಲ್ಲಿ ಆಲ್‌ಸ್ವೆನ್‌ಸ್ಕಾನ್‌ನಿಂದ ಇಳಿದ ಮೇಲೆ ಹದಿನಾರು ವರ್ಷ ಕೆಳಗಿನ ದರ್ಜೆಗಳಲ್ಲೇ ಕಳೆಯಿತು. ಕಳೆದ ನವೆಂಬರ್‌ನಲ್ಲಿ ಅರ್ಹತಾ ಪಂದ್ಯಗಳಲ್ಲಿ ನೊರ್ಶೋಪಿಂಗ್ ತಂಡವನ್ನು ಸೋಲಿಸಿ ಮೇಲೇರಿತು. ನೊರ್ಶೋಪಿಂಗ್ ಅಂದರೆ 13 ಬಾರಿ ದೇಶದ ಚಾಂಪಿಯನ್, ಮಿಲಾನ್‌ನಲ್ಲಿ ಗೋಲುಗಳ ಮಳೆಗರೆದ ಗುನ್ನಾರ್ ನೋರ್ದಾಲ್ ಒಮ್ಮೆ ಆಡಿದ ಕ್ಲಬ್. ಒಂದು ಹಳೆಯ ಮನೆಯಲ್ಲಿ ದೀಪ ಹೊತ್ತಿದ ರಾತ್ರಿಯೇ ಇನ್ನೊಂದು ಹಳೆಯ ಮನೆ ಕತ್ತಲಾಯಿತು. ವೆಸ್ಟೆರೋಸ್ ಮತ್ತು ಕಾಲ್ಮಾರ್ ಕೂಡ ಮೇಲೆ ಬಂದಿವೆ. ವೆರ್ನಮೋ ಮತ್ತು ಓಸ್ಟರ್ ಇಳಿದಿವೆ.

ಓರ್ಗ್ರೂಟೆ, ಗಾಯಿಸ್, ಐಎಫ್‌ಕೆ ಮೂರೂ ಗಾಮ್ಲಾ ಉಲ್ಲೇವಿ ಎಂಬ ಒಂದೇ ಕ್ರೀಡಾಂಗಣವನ್ನು ಹಂಚಿಕೊಂಡಿವೆ. ಆ ನಗರದಲ್ಲಿ ಈ ವರ್ಷ ಲೀಗಿನ ಡರ್ಬಿಗಳೇ ಹನ್ನೆರಡು. ಗಾಯಿಸ್ 1924-25ರ ಮೊಟ್ಟಮೊದಲ ಆಲ್‌ಸ್ವೆನ್‌ಸ್ಕಾನ್ ಗೆದ್ದ ತಂಡ. 2022ರಲ್ಲಿ ಅದು ಮೂರನೇ ದರ್ಜೆಯಲ್ಲಿತ್ತು, 2025ರಲ್ಲಿ ಆಲ್‌ಸ್ವೆನ್‌ಸ್ಕಾನ್‌ನ ಮೂರನೇ ಸ್ಥಾನ ಪಡೆಯಿತು. ಮ್ಯೆಲ್‌ಬಿಯ ಬೆಳಕಿನಲ್ಲಿ ಈ ಸಾಧನೆ ಸ್ವಲ್ಪ ಮಂಕಾಗಿ ಕಂಡಿತು, ಆದರೆ ಇದೂ ಅದೇ ಜಾತಿಯ ಗೆಲುವು.

ಪಟ್ಟಕ್ಕೆ ಮೊದಲ ಹಕ್ಕುದಾರ ಯಾರು? ಹಮ್ಮಾರ್ಬಿ ಎನ್ನುತ್ತೇನೆ. 2024ರಲ್ಲೂ 2025ರಲ್ಲೂ ಎರಡನೇ ಸ್ಥಾನ. ಸ್ಟಾಕ್‌ಹೋಮ್‌ನ ದಕ್ಷಿಣದ ದುಡಿಯುವ ವರ್ಗದ ಬಡಾವಣೆಗಳಿಂದ ಬಂದ ಈ ಕ್ಲಬ್ಬಿಗೆ ಜನಬೆಂಬಲ ಧಾರಾಳ, ಪಟ್ಟ ಮಾತ್ರ ಒಂದೇ, 2001ರದು. ಕಾಲು ಶತಮಾನದ ಹಸಿವು ಅದು. ಆದರೆ ತಂಡವನ್ನು ಇಷ್ಟು ಎತ್ತರಕ್ಕೆ ತಂದ ಕೋಚ್ ಕಿಮ್ ಹೆಲ್‌ಬೆರ್ಗ್ ಅವರನ್ನು ಕಳೆದ ನವೆಂಬರ್‌ನಲ್ಲಿ ಇಂಗ್ಲೆಂಡಿನ ಮಿಡಲ್ಸ್‌ಬರೋ ಕರೆದುಕೊಂಡಿತು. ಆಟಗಾರರು ಮಾತ್ರವಲ್ಲ, ಕೋಚ್‌ಗಳೂ ಹೀಗೆ ವಲಸೆ ಹೋಗುತ್ತಾರೆ.

ಮಾಲ್ಮೋ ಎಫ್‌ಎಫ್ ಸುಮ್ಮನಿರುವ ಕ್ಲಬ್ ಅಲ್ಲ. 24 ಬಾರಿ ದೇಶದ ಚಾಂಪಿಯನ್, 2023 ಮತ್ತು 2024ರಲ್ಲಿ ಸತತ ಪಟ್ಟ, ಯುರೋಪಿನ ಪಂದ್ಯಗಳಿಂದ ತುಂಬಿದ ತಿಜೋರಿ. ಅಂಥದ್ದು ಕಳೆದ ವರ್ಷ ಆರನೆಯ ಸ್ಥಾನಕ್ಕೆ ಕುಸಿಯಿತು, ಸೆಪ್ಟೆಂಬರ್‌ನಲ್ಲಿ ಕೋಚ್ ಹೆನ್ರಿಕ್ ರೂಡ್‌ಸ್ಟ್ರೋಮ್ ಹುದ್ದೆ ಕಳೆದುಕೊಂಡರು. ಎರಡು ವರ್ಷ ಸತತವಾಗಿ ಸೋಲುವುದು ಆ ಊರಿಗೆ ಅಭ್ಯಾಸವಿಲ್ಲ. ಯೂರ್ಗೋರ್ಡನ್ 2025ರ ವಸಂತದಲ್ಲಿ ಕಾನ್ಫರೆನ್ಸ್ ಲೀಗಿನ ಸೆಮಿಫೈನಲ್ ತಲುಪಿ ಚೆಲ್ಸಿಗೆ ಸೋತಿತು, ಲೀಗಿನಲ್ಲಿ ಐದನೆಯದಾಯಿತು. ಎಐಕೆ ಏಳನೆಯದು. ಎರಡೂ ಹುಟ್ಟಿದ್ದು 1891ರಲ್ಲಿ, ತಿಂಗಳೊಪ್ಪತ್ತಿನ ಅಂತರದಲ್ಲಿ. ಅವರಿಬ್ಬರ ಪಂದ್ಯವನ್ನು ಅವಳಿಗಳ ಡರ್ಬಿ ಎನ್ನುತ್ತಾರೆ. ಒಂದೇ ಪಂದ್ಯ ನೋಡುವಷ್ಟು ಮಾತ್ರ ಬಿಡುವಿದ್ದವರಿಗೆ ನಾನು ಸೂಚಿಸುವುದು ಅದನ್ನೇ. ಕೆಳಗಿನ ಅರ್ಧದಲ್ಲಿ ನನ್ನ ಕಣ್ಣು ಡೇಗರ್‌ಫೋರ್ಸ್ ಮೇಲಿದೆ. ಉಕ್ಕಿನ ಕಾರ್ಖಾನೆಯ ಸುತ್ತ ಬೆಳೆದ ಪುಟ್ಟ ಊರು, ಬಡ ಕ್ಲಬ್. ಪ್ರತಿ ವರ್ಷ ಉಳಿಯುವುದೇ ಅದರ ಗೆಲುವು.

ಡೇಗರ್‌ಫೋರ್ಸ್ ಹೆಸರಿನ ಜೊತೆಗೆ ಭಾರತಕ್ಕೂ ತಾಗುವ ಒಂದು ಹಳೆಯ ಎಳೆ ಇದೆ. 1970ರ ದಶಕದಲ್ಲಿ ಬಾಬ್ ಹೌಟನ್ ಎಂಬ ಯುವ ಇಂಗ್ಲಿಷ್ ಕೋಚ್ ಮಾಲ್ಮೋಗೆ ಬಂದರು, ಅವರ ಗೆಳೆಯ ರಾಯ್ ಹಾಡ್ಜ್‌ಸನ್ ಹಾಲ್ಮ್‌ಸ್ಟಾಡ್‌ಗೆ. ಒಬ್ಬ ಆಟಗಾರ ಒಬ್ಬ ಎದುರಾಳಿಯ ಬೆನ್ನು ಹತ್ತುವ ಹಳೆಯ ಪದ್ಧತಿಯ ಬದಲು, ಇಡೀ ತಂಡ ಸಾಲುಸಾಲಾಗಿ ಒಟ್ಟಿಗೆ ಸರಿಯುತ್ತ ಜಾಗವನ್ನೇ ಕಾಯುವ ಆಟವನ್ನು ಇಬ್ಬರೂ ಕಲಿಸಿದರು. ದೇಶದ ಫುಟ್‌ಬಾಲ್ ಪಂಡಿತರು ಅದನ್ನು ಯಾಂತ್ರಿಕವೆಂದು ಹಳಿದರು. ಹಾಲ್ಮ್‌ಸ್ಟಾಡ್ 1976ರಲ್ಲಿ ಪಟ್ಟ ಗೆದ್ದಿತು. ಮಾಲ್ಮೋ 1979ರಲ್ಲಿ ಯುರೋಪಿಯನ್ ಕಪ್ ಫೈನಲ್‌ವರೆಗೆ ಹೋಗಿ ಮ್ಯೂನಿಕ್‌ನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 0-1ರಿಂದ ಸೋತಿತು. ಅವರ ಪಾಠವನ್ನು ಹತ್ತಿರದಿಂದ ನೋಡಿ ಕಲಿತವರಲ್ಲಿ ಡೇಗರ್‌ಫೋರ್ಸ್‌ನ ತರುಣ ಕೋಚ್ ಸ್ವೆನ್ ಯೊರಾನ್ ಎರಿಕ್ಸನ್ ಒಬ್ಬರು. ಅವರು ಐಎಫ್‌ಕೆ ಗೋಥೆನ್‌ಬರ್ಗಿಗೆ ಹೋಗಿ 1982ರಲ್ಲಿ ಹ್ಯಾಂಬರ್ಗ್ ತಂಡವನ್ನು ಸೋಲಿಸಿ ಯುಇಎಫ್‌ಎ ಕಪ್ ಗೆದ್ದರು. ಪೂರ್ಣಕಾಲಿಕ ವೃತ್ತಿಪರರೂ ಅಲ್ಲದ ಆಟಗಾರರ ತಂಡವದು. ಆ ಕ್ಲಬ್ 1987ರಲ್ಲಿ ಮತ್ತೆ ಅದೇ ಕಪ್ ಗೆದ್ದಿತು.

ಬಾಬ್ ಹೌಟನ್ 2006ರಿಂದ 2011ರವರೆಗೆ ಭಾರತ ತಂಡದ ಕೋಚ್ ಆಗಿದ್ದರು. 2007 ಮತ್ತು 2009ರ ನೆಹರೂ ಕಪ್, 2008ರ ಎಎಫ್‌ಸಿ ಚಾಲೆಂಜ್ ಕಪ್ ಅವರ ಕಾಲದಲ್ಲೇ ಬಂದವು. ಚಾಲೆಂಜ್ ಕಪ್ ಫೈನಲ್‌ನಲ್ಲಿ ತಜಿಕಿಸ್ತಾನದ ವಿರುದ್ಧ ಹ್ಯಾಟ್ರಿಕ್ ಹೊಡೆದ ಹುಡುಗ ಸುನಿಲ್ ಛೆಟ್ರಿ, ಮುಂದೆ ಬೆಂಗಳೂರು ಎಫ್‌ಸಿಯ ಮುಖವಾದವರು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ಛೆಟ್ರಿಗಾಗಿ ಕೂಗಿದವರು ಮಾಲ್ಮೋ ಹೆಸರನ್ನು ಪರಕೀಯವೆಂದು ಭಾವಿಸಬೇಕಾಗಿಲ್ಲ.

ಮಹಿಳೆಯರ ಡಾಮ್‌ಆಲ್‌ಸ್ವೆನ್‌ಸ್ಕಾನ್ ಕೂಡ ಇದೇ ವಸಂತದಲ್ಲಿ ಶುರುವಾಗುತ್ತದೆ, 14 ತಂಡಗಳೊಂದಿಗೆ. ಬ್ರೆಜಿಲ್‌ನ ಮಾರ್ತಾ ತನ್ನ ಹದಿಹರೆಯದಲ್ಲಿ, 2004ರಲ್ಲಿ, ಉತ್ತರದ ಚಳಿ ಊರು ಉಮೆಯೋಗೆ ಬಂದು ಜಗತ್ತಿನ ಶ್ರೇಷ್ಠ ಆಟಗಾರ್ತಿಯಾದದ್ದು ಈ ಲೀಗಿನಲ್ಲೇ. ಅದಕ್ಕೆ ಪ್ರತ್ಯೇಕ ಅಂಕಣವೇ ಬೇಕು, ಇಲ್ಲಿ ಎರಡು ಸಾಲಿನಲ್ಲಿ ಮುಗಿಸುವುದು ನ್ಯಾಯವಲ್ಲ.

ಇಲ್ಲಿಂದ ನೋಡುವವರಿಗೆ ಸಮಯದ ಲೆಕ್ಕ ಅನುಕೂಲವಾಗಿಯೇ ಇದೆ. ಬೇಸಿಗೆಯಲ್ಲಿ ಸ್ವೀಡನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಪಂದ್ಯ ನಮಗೆ ಸಂಜೆ ಆರೂವರೆ, ಏಳು ಗಂಟೆಯದು ರಾತ್ರಿ ಹತ್ತೂವರೆ. ಕೆಲಸಕ್ಕೆಂದು ಸ್ಟಾಕ್‌ಹೋಮ್‌ನ ಶಿಸ್ತಾದಲ್ಲೋ ಗೋಥೆನ್‌ಬರ್ಗಿನಲ್ಲೋ ನೆಲೆಸಿರುವ ಕನ್ನಡಿಗರು ಒಮ್ಮೆಯಾದರೂ ಗ್ಯಾಲರಿಗೆ ಹೋಗಬೇಕು, ಸಾಧ್ಯವಾದರೆ ಊರಿನ ಒಂದು ಕ್ಲಬ್ಬಿಗೆ ಸದಸ್ಯರೂ ಆಗಬೇಕು. ವಾರ್ಷಿಕ ಸಭೆಯಲ್ಲಿ ಕೈಯೆತ್ತುವ ಹಕ್ಕು ಹುಟ್ಟಿದ ದೇಶ ಕೇಳಿ ಬರುವುದಿಲ್ಲ.

ಮ್ಯೆಲ್‌ಬಿ ಮತ್ತೆ ಗೆಲ್ಲುತ್ತದೆಯೇ ಎಂದು ಕೇಳಿದರೆ, ಇಲ್ಲ ಎಂದೇ ನನ್ನ ಅಂದಾಜು. ಮೊದಲ ಐದರೊಳಗೆ ಉಳಿದರೂ ಅದು ಪಟ್ಟದಷ್ಟೇ ದೊಡ್ಡದು. ಹಮ್ಮಾರ್ಬಿ ಅಥವಾ ಮಾಲ್ಮೋ, ಇಬ್ಬರಲ್ಲೊಬ್ಬರು ನವೆಂಬರ್‌ನಲ್ಲಿ ಕಪ್ ಎತ್ತುವ ಸಾಧ್ಯತೆ ಹೆಚ್ಚು. ಆದರೆ ಕಳೆದ ಏಪ್ರಿಲ್‌ನಲ್ಲೂ ತಿಳಿದವರೆಲ್ಲ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಜುಲೈ ಮುಗಿದಾಗ ಮ್ಯೆಲ್‌ಬಿಯ ಎಷ್ಟು ಆಟಗಾರರು ಹೆಲ್ಲೆವಿಕ್‌ನಲ್ಲೇ ಉಳಿದಿದ್ದಾರೆ ಎಂಬುದನ್ನು ನೋಡಿ. ಉತ್ತರದ ಅರ್ಧ ಅಲ್ಲಿ ಸಿಗುತ್ತದೆ.